ಹಾವಗೆಪ್ಪನ ಹೆಸರಿನ ಅಂಗಡಿ

ದಸರೆ ಹತ್ತಿರ ಬಂತೆಂದರೆ ಭಾಲ್ಕಿಯ ಪೇಟೆಯಲ್ಲಿ ಅಂಗಡಿಗಳೆಲ್ಲ ಸುಣ್ಣ ಬಳಿದುಕೊಂಡು, ಮಾಲು ತುಂಬಿಕೊಂಡು, ಮದುಮಕ್ಕಳ ಹಾಗೆ ಕೂತಿರುತ್ತಿದ್ದವು. ಸರಿಯಾಗಿ ಅದೇ ಹೊತ್ತಿಗೆ ಗುರಮ್ಮ ತನ್ನ ಕಿರಾಣಿ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಜೋಡಿಸಿ, ಅಡ್ಡಪಟ್ಟಿ ಸಿಕ್ಕಿಸಿ, ಕೀಲಿ ಹಾಕಿಬಿಡುತ್ತಿದ್ದಳು. ದೀಪಾವಳಿ ಪಾಡ್ಯದ ತನಕ ಆ ಕೀಲಿ ತೆಗೆಯುತ್ತಿರಲಿಲ್ಲ. ಒಂದು ವರ್ಷ ಹೀಗೆ ಮಾಡಿದಾಗ ಪೇಟೆಯವರು ಮೈಯಲ್ಲಿ ಹುಷಾರಿಲ್ಲವೇನೋ ಅಂದುಕೊಂಡರು. ಮರುವರ್ಷವೂ ಮಾಡಿದಾಗ ನಗಲು ಶುರು ಮಾಡಿದರು.

"ಗುರಮ್ಮಂದು ಎಲ್ಲಾ ಉಲ್ಟಾ ನೋಡ್ರಿ. ಮಂದಿ ಉಣ್ಲಾಕ ಕೂಡೂ ಹೊತ್ತಿನಾಗ ಅಕಿ ಕೈ ತೊಳಕೊಂಡು ಏಳ್ತಾಳ" ಎಂದು ಎದುರಂಗಡಿಯ ಮನ್ಮಥಪ್ಪ ಸಾವಕಾರ ತನ್ನ ಗಿರಾಕಿಗಳಿಗೆ ಹೇಳುತ್ತಿದ್ದ. ಹೇಳುವಾಗ ನಗು ಇರುತ್ತಿತ್ತು. ಅವಳ ಗಿರಾಕಿಗಳು ಆ ಒಂದು ತಿಂಗಳು ಅವನ ಕಟ್ಟೆ ಹತ್ತುತ್ತಿದ್ದರಲ್ಲ, ನಗುವುದಕ್ಕೇನು.

ಗುರಮ್ಮ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ಹೂಂ ಅನ್ನುವುದು, ಇಲ್ಲ ಅನ್ನುವುದು, ದರ ಹೇಳುವುದು, ಇಷ್ಟೇ ಅವಳ ಮಾತು. ಮೊದಲು ಹೀಗಿರಲಿಲ್ಲ. ಔರಾದ ಕಡೆಯ ಹೆಣ್ಣು, ಬಾಯಿ ಮುಂದು, ನಕ್ಕರೆ ಓಣಿಯ ಕೊನೆಗೆ ಕೇಳುತ್ತಿತ್ತು ಎಂದು ಹಳಬರು ಹೇಳುತ್ತಾರೆ. ಆ ನಗು ಪೋಲೀಸ್ ಆಕ್ಷನ್ ಆದ ವರ್ಷ ನಿಂತುಹೋಯಿತು.

ಆ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಅವಳ ಗಂಡ ಹಾವಗೆಪ್ಪ ಖಾಲಿ ಬಂಡಿ ಹೂಡಿಕೊಂಡು ಔರಾದ ಕಡೆ ಹೊರಟ. ಹೊಸ ಉದ್ದು ಬಂದಿತ್ತು, ಅತ್ತೆಯ ಮನೆಯ ಊರಿನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ನಿಜಾಮರ ಕಡೆಯ ರಜಾಕಾರರ ಕಾಟ ಅದ, ಹಾದಿ ಸರಿ ಇಲ್ಲ ಎಂದು ಮಂದಿ ಹೇಳಿದರು. ಹಾದಿ ಸರಿಹೋಗುವ ತನಕ ಕೂತರೆ ಉದ್ದು ಮೊಳೆಯುತ್ತದೆ ಎಂದು ಅವನು ನಗಾಡಿದ. ಊರ ಹೊರಗಿನ ನಾಕಾದಲ್ಲಿ ಫಕ್ರೋದ್ದೀನ ಎಂಬ ಜವಾನ ಚುಂಗಿ ಹಿಡಿಯುತ್ತಿದ್ದ. ಊರೊಳಗೆ ಬರುವ ಮಾಲಿಗೆ ಕೊಡಬೇಕಾದ ಸುಂಕ ಅದು. ಹೊರಗೆ ಹೋಗುವ ಖಾಲಿ ಬಂಡಿಗೆ ಏನೂ ಇಲ್ಲ. ಫಕ್ರೋದ್ದೀನ ಅಡ್ಡಗೋಲು ಎತ್ತಿ, "ಬರುವಾಗ ತುಂಬ್ಕೊಂಡು ಬಾ, ಆವಾಗ ಹಿಡೀತೇನಿ" ಎಂದನಂತೆ. ಹಾವಗೆಪ್ಪ ಕೈ ಎತ್ತಿ ಹೋದನಂತೆ. ಅಷ್ಟೇ.

ಆಮೇಲೆ ನಾಲ್ಕೈದು ದಿನಕ್ಕೆ ವಿಮಾನಗಳು ಹಾರಾಡಿದವು, ಫೌಜು ಬಂತು, ನಿಜಾಮರ ರಾಜ್ಯ ಮುಗಿಯಿತು ಅಂದರು. ಪೋಲೀಸ್ ಆಕ್ಷನ್ ಅಂದದ್ದು ಅದನ್ನೇ. ಬಂಡಿ ಬರಲಿಲ್ಲ. ಎತ್ತು ಬರಲಿಲ್ಲ. ಔರಾದಿಗೆ ಮುಟ್ಟಿಯೇ ಇರಲಿಲ್ಲ ಎಂದು ಅವಳ ಅಣ್ಣ ಹೇಳಿ ಕಳಿಸಿದ. ಹಾದಿಯಲ್ಲಿ ರಜಾಕಾರರು ಹಿಡಿದರೋ, ಗುಂಡು ಹಾರುವಾಗ ನಡುವೆ ಸಿಕ್ಕನೋ, ಎತ್ತಿಗಾಗಿ ಯಾರಾದರೂ ಹೊಡೆದರೋ, ಕಂಡವರು ಒಬ್ಬರೂ ಇಲ್ಲ. ಅದೇ ವಾರದಲ್ಲಿ ಫಕ್ರೋದ್ದೀನನನ್ನೂ ನಾಕಾದ ಹಿಂದಿನ ಹೊಲದಲ್ಲಿ ಕೊಂದು ಹಾಕಿದರು. ಯಾರು ಎಂದು ಅವನ ಹೆಂಡತಿ ಜಾಹೇದಾ ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ, ಊರಿಗೆಲ್ಲ ಗೊತ್ತಿದ್ದದ್ದನ್ನು ಕೇಳುವವರು ಯಾರು.

ಗುರಮ್ಮ ಅಳಲಿಲ್ಲ. ಓಣಿಯ ಹಿರಿಯರು ಬಂದು, "ಅಳವ್ವಾ, ಅತ್ತು ಹಗುರಾಗು" ಎಂದು ಬೆನ್ನು ಸವರಿದರು. ಅವಳು ಎದ್ದು ಹೋಗಿ ಅಂಗಳ ಗುಡಿಸಿದಳು. ಯಾವುದಕ್ಕೆ ಅಳಬೇಕು, ಸುದ್ದಿಯೇ ಬಂದಿಲ್ಲ. ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಹಾಗಂತ ದಾರಿಯನ್ನೂ ನೋಡಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ತನ್ನದಲ್ಲ ಅನ್ನುವ ಹಾಗೆ, ಹಾಗಾಗಿತ್ತು ಅವಳ ಮೈಯೆಲ್ಲ. ಒಂದು ಸಲ ಬಾಣಲೆಯ ಎಣ್ಣೆ ಸಿಡಿದು ಮುಂಗೈ ಬೊಬ್ಬೆ ಎದ್ದದ್ದನ್ನು ಮರುದಿನ ಗಿರಾಕಿ ತೋರಿಸಿಕೊಟ್ಟ ಮೇಲೆ ಕಂಡಳು.

ತಿಂಗಳೊಳಗೆ ಅವಳು ಅಂಗಡಿಯ ಹಲಗೆ ತೆಗೆದು ಗಂಡ ಕೂಡುತ್ತಿದ್ದ ಗಾದಿಯ ಪಕ್ಕದಲ್ಲಿ ಕೂತಳು. ಗಾದಿಯ ಮೇಲಲ್ಲ, ಪಕ್ಕದಲ್ಲಿ. ಬೀದರಿನ ಗಂಜಿನಲ್ಲಿ, ಅಂದರೆ ಸಗಟು ಪೇಟೆಯಲ್ಲಿ, ಇದ್ದ ಅಡತಿಗೆ ಬಂಡಿಯವನ ಕೈಲಿ ಹೇಳಿ ಕಳಿಸಿದರೆ ಬೆಲ್ಲ, ಎಣ್ಣೆ, ಚಹಾಪುಡಿ ಬರುತ್ತಿತ್ತು. ಅಡತಿಯವನು ಮೊದಲಿನ ಹಾಗೇ 'ಹಾವಗೆಪ್ಪ, ಭಾಲ್ಕಿ' ಎಂದು ಬರೆದು ಕಳಿಸುತ್ತಿದ್ದ. ಬೇರೆ ಬರೆ ಎಂದು ಇವಳು ಹೇಳಲಿಲ್ಲ.

ಎರಡು ವರ್ಷಕ್ಕೆ, ಬೇಸಿಗೆಯಲ್ಲಿ, ಹೊಸ ಸರ್ಕಾರದ ಹೊಸ ತೆರಿಗೆ ಬಂತು. ಬೀದರಿನಿಂದ ಒಬ್ಬ ಪ್ರಾಯದ ಇನ್ಸ್‌ಪೆಕ್ಟರು ಬಂದು ಮನ್ಮಥಪ್ಪನ ಕಟ್ಟೆಯ ಮೇಲೆ ಅಂಗಡಿಕಾರರನ್ನೆಲ್ಲ ಕೂಡಿಸಿ ತಿಳಿಸಿ ಹೇಳಿದ. ಗುರಮ್ಮ ತನ್ನ ಅಂಗಡಿಯಲ್ಲಿಯೇ ಕೂತು ಕೇಳಿಸಿಕೊಂಡಳು.

"ಮಾಲು ಊರೊಳಗೆ ಬಂದದ್ದಕ್ಕೆ ಕೊಡೋದು ಚುಂಗಿ. ಸಂತೆಯಲ್ಲಿ ಕೂತದ್ದಕ್ಕೆ ಕೊಡೋದು ತೈಬಜಾರಿ. ಅವು ಊರಿನವು. ಇದು ಬೇರೆ, ರಾಜ್ಯದ್ದು. ಇದು ಮಾರಿದ್ದಕ್ಕೆ" ಎಂದ ಇನ್ಸ್‌ಪೆಕ್ಟರು.

"ಅಂದ್ರ ಸಾಹೇಬ್ರ," ಎಂದ ಮನ್ಮಥಪ್ಪ, "ಬಂದ್ರ ಒಂದು, ಕುಂತ್ರ ಒಂದು, ಮಾರಿದ್ರ ಒಂದು. ಮಾರದೇ ಸುಮ್ನ ನೊಣಾ ಹೊಡ್ಕೋತ ಕುಂತ್ರ?"

"ಅದಕ್ಕೆ ಏನೂ ಇಲ್ಲ."

"ಹಂಗಾದ್ರ ಅದೇ ಛಲೋ ಧಂದಾ."

ಮಂದಿ ನಕ್ಕರು. ಇನ್ಸ್‌ಪೆಕ್ಟರೂ ನಕ್ಕ. "ನಿಮ್ಮ ಕಿಸೆಯಿಂದ ಕೊಡೋದಲ್ಲ ಸಾವಕಾರ್. ರೂಪಾಯಿಗೆ ಇಷ್ಟು ಪೈ ಅಂತ ಗಿರಾಕಿಯ ಹತ್ತಿರ ಮೇಲೆ ಹಿಡಿಯಬೇಕು, ನಮಗೆ ಮುಟ್ಟಿಸಬೇಕು."

"ಸರ್ಕಾರದ ಹಮಾಲಿ ಅನ್ರಿ. ಹಮಾಲಿ ಮಾಡಿದ್ರ ಕೂಲಿ ಎಷ್ಟು ಕೊಡ್ತೀರಿ?"

"ಕೂಲಿ ಇಲ್ಲ. ಮುಟ್ಟಿಸದಿದ್ದರೆ ದಂಡ ಇದೆ."

ಆಮೇಲೆ ಅವನು ಸಣ್ಣವರಿಗೆ ಸಮಾಧಾನ ಹೇಳಿದ. ಇದು ಎಲ್ಲರಿಗೂ ಅಲ್ಲ. ವರ್ಷದ ಮಾರಾಟ ಸರ್ಕಾರ ಹಾಕಿದ ಒಂದು ಹದ್ದು, ಅಂದರೆ ಮಿತಿ, ದಾಟಿದರೆ ಮಾತ್ರ ಅಂಗಡಿ ರಿಜಿಸ್ಟ್ರಿ ಆಗಬೇಕು. ಹದ್ದಿನ ಕೆಳಗಿರುವವರು ತೆರಿಗೆ ಹಿಡಿಯುವಂತಿಲ್ಲ, ಕೊಡುವಂತಿಲ್ಲ. ರಿಜಿಸ್ಟ್ರಿ ಆಗುವವರು ಬೀದರಿಗೆ ಬಂದು ಮಾಲಕನ ಹೆಸರು ಬರೆಸಬೇಕು, ಮಾಲಕನೇ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಬೇಕು.

ಅಷ್ಟು ಮಾತಿನಲ್ಲಿ ಗುರಮ್ಮನಿಗೆ ಉಳಿದದ್ದು ಕೊನೆಯದು. ಮಾಲಕನೇ ಬಂದು ಹೆಬ್ಬೆಟ್ಟು ಹಾಕಬೇಕು. ಬಾರದವನನ್ನು ಎಲ್ಲಿಂದ ತರುವುದು. ಅವನು ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಕೇಳಿದರೆ ಹೇಳಬೇಕು. ಹೇಳಿದರೆ ಆಯಿತು, ಅದು ಆದ ಹಾಗೆಯೇ.

ಮರುದಿನ ಜಾಹೇದಾ ದಾರದ ಉಂಡೆ ಕೊಳ್ಳಲು ಬಂದಳು. ಗಂಡ ಸತ್ತ ಮೇಲೆ ಅವಳು ಮಂದಿಯ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ಬದುಕುತ್ತಿದ್ದಳು. ಈ ಇಬ್ಬರ ನಡುವೆ ದುಃಖದ ಮಾತು ಒಂದು ದಿನವೂ ನಡೆದದ್ದಿಲ್ಲ. ದಾರ, ಸೂಜಿ, ಬೆಲ್ಲ, ಇವುಗಳ ಮಾತೇ. ಅಂದು ಮಾತ್ರ ಗುರಮ್ಮ ತಾನಾಗಿ ಬಾಯಿ ತೆರೆದಳು.

"ಜಾಹೇದಾ ಬೀ, ನಿಮ್ಮ ಮನಿಯವ್ರು ನಾಕಾದಾಗ ಲೆಕ್ಕಾ ಹ್ಯಾಂಗ ಹಿಡೀತಿದ್ರು? ಅವ್ರಿಗಿ ಓದ್ಲಾಕ ಬರ್ತಿರಲಿಲ್ಲಲ್ಲ?"

"ನಾಕಾದಾಗ ತಕ್ಕಡಿ ಎಲ್ಲಿತ್ತು ಗುರಮ್ಮಕ್ಕ? ಚೀಲಾ ನೋಡೋದು, ಡಬ್ಬಿ ನೋಡೋದು. ಇಷ್ಟು ಚೀಲಂದ್ರ ಇಷ್ಟು ರೊಕ್ಕದ ಮಾಲು ಅಂತ ಕಣ್ಣಾಗೇ ಇತ್ತು. ಯಾಕ?"

ಗುರಮ್ಮ ಹೇಳಿದಳು. ಹದ್ದು ದಾಟಬಾರದು. ದಾಟುವ ಮೊದಲೇ ಗೊತ್ತಾಗಬೇಕು.

ಜಾಹೇದಾ ಅವಳ ಮುಖ ನೋಡಿದಳು. ಯಾಕೆ ದಾಟಬಾರದು ಎಂದು ಕೇಳಲಿಲ್ಲ. ಕಟ್ಟೆ ಹತ್ತಿ ಒಳಗೆ ಬಂದಳು. ಬೆಲ್ಲದ ಚೀಲ ಮಾರಿದರೆ ಎಷ್ಟು, ಎಣ್ಣೆಯ ಡಬ್ಬಿಗೆ ಎಷ್ಟು ಎಂದು ಕೇಳುತ್ತ ಬೆರಳು ಮಡಿಸಿದಳು. ಕಡೆಗೆ ಹಿಂದಿನ ಕೋಣೆಗೆ ಹೋಗಿ, ಖಾಲಿ ಚೀಲಗಳನ್ನು ಮಡಿಸಿ ಒಂದರ ಮೇಲೊಂದು ಒಟ್ಟಿ, ಗೋಡೆಯ ಮೇಲೆ ಎದೆಯೆತ್ತರಕ್ಕೆ ಇದ್ದಲಿನಿಂದ ಒಂದು ಗೆರೆ ಎಳೆದಳು.

"ಮಾರಿದ ಚೀಲಾ ಎಲ್ಲಾ ಇಲ್ಲೇ ಒಟ್ಟಿ ಹೋಗ್ರಿ. ಗೆರಿಗಿ ಮುಟ್ಟೋ ಹೊತ್ತಿಗಿ ಅಂಗಡಿ ಬಂದ್ ಮಾಡ್ರಿ. ವರ್ಷ ತಿರುಗಿದ ಮ್ಯಾಲ ಚೀಲಾ ಎಲ್ಲಾ ಮಾರಿ ಮತ್ತ ನೆಲದಿಂದ ಶುರು ಮಾಡ್ರಿ."

ವರ್ಷ ಯಾವಾಗ ತಿರುಗುತ್ತದೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಕೇಳುವುದೇನಿದೆ. ಭಾಲ್ಕಿಯ ಅಂಗಡಿಕಾರರಿಗೆ ವರ್ಷ ತಿರುಗುವುದು ದೀಪಾವಳಿ ಪಾಡ್ಯಕ್ಕೆ. ಅಂದು ತಕ್ಕಡಿಗೆ ಪೂಜೆ, ಅಂದು ಹಳೆಯ ಉದ್ರಿ ತೀರಿಕೆ, ಅಂದಿನಿಂದ ಹೊಸ ಲೆಕ್ಕ. ಅಜ್ಜ ಮುತ್ತಜ್ಜರ ಕಾಲದಿಂದ ಹಾಗೇ.

ಹೀಗೆ ಅವಳು ಆ ಗೆರೆಯ ಕೆಳಗೆ ಬದುಕಲು ಶುರು ಮಾಡಿದಳು.

ಅದು ಸುಲಭವಾಗಿರಲಿಲ್ಲ. ಯಾಕೆಂದರೆ ದೊಡ್ಡ ಅಂಗಡಿಯವರು ರೂಪಾಯಿಗೆ ಇಷ್ಟು ಪೈ ಎಂದು ಮೇಲೆ ಹಿಡಿಯುತ್ತಿದ್ದರು, ಗುರಮ್ಮ ಹಿಡಿಯುತ್ತಿರಲಿಲ್ಲ. ಎರಡು ಪೈ ಉಳಿಯುತ್ತದೆಂದರೆ ಗಿರಾಕಿ ರಸ್ತೆ ದಾಟುವುದಿಲ್ಲವೇ? ಅವಳು ಅಂಗಡಿ ಸಣ್ಣದಿರಲಿ ಎಂದು ಬಯಸಿದಷ್ಟೂ ಅದು ಬೆಳೆಯಲು ನೋಡುತ್ತಿತ್ತು. ಕಮಲನಗರದ ಕಡೆಯಿಂದ ಗಾಡಿ ಇಳಿದವರೂ ಕೇಳಿಕೊಂಡು ಬರುತ್ತಿದ್ದರು. ಬಂದವರನ್ನು ಹೊರಗೆ ಹಾಕಬೇಕಾಗುತ್ತಿತ್ತು.

"ಬೆಲ್ಲ ಇಲ್ಲರಿ."

"ಅಲ್ಲೇ ಕಾಣ್ಲತ್ತದಲ್ಲ ತಾಯಿ, ಅಷ್ಟು ದೊಡ್ಡ ಪೆಂಟಿ!"

"ಅದು ಮಾರೂದಲ್ಲ."

"ಮತ್ತ ಅಂಗಡಿಯಾಗ ಯಾಕ ಇಟ್ಟೀರಿ, ಇರಿವಿಗಿ ಸಾಕ್ಲಾಕೇನು?"

ಅವಳು ಮುಖ ತಿರುಗಿಸಿ ಕೂಡುತ್ತಿದ್ದಳು. ಚೀಲ ಗೆರೆಗೆ ಮುಟ್ಟುವ ಹೊತ್ತಿಗೆ ದಸರೆ ಎದುರಿಗಿರುತ್ತಿತ್ತು. ಹಲಗೆ ಜೋಡಿಸುತ್ತಿದ್ದಳು. ಆ ಒಂದು ತಿಂಗಳು ಜೋಳದ ನುಚ್ಚು, ಹುಣಸೆಹಣ್ಣಿನ ಸಾರು. ಹಸಿವಾಗುತ್ತಿತ್ತೋ ಇಲ್ಲವೋ ಅವಳಿಗೇ ಸರಿಯಾಗಿ ತಿಳಿಯುತ್ತಿರಲಿಲ್ಲ.

ಇದು ಮೈದುನ ಮಡೆಪ್ಪನಿಗೆ ಹಿಡಿಸಲಿಲ್ಲ. ಅವನು ಹಾವಗೆಪ್ಪನ ಬೆನ್ನಿಗೆ ಹುಟ್ಟಿದ ತಮ್ಮ, ಹೊಲ ನೋಡಿಕೊಂಡಿದ್ದ. ಹಬ್ಬಕ್ಕೊಮ್ಮೆ ಜೋಳ ತಂದು ಹಾಕಿ, ಮುಚ್ಚಿದ ಹಲಗೆಗಳನ್ನು ನೋಡಿ ಹಲ್ಲು ಕಡಿಯುತ್ತಿದ್ದ.

"ವೈನಿ, ನಡೀಲತ್ತಿದ್ದ ಅಂಗಡಿಗಿ ಯಾರರ ಕೀಲಿ ಜಡೀತಾರೇನು? ನಿಮಗ ಆಗೋದಿಲ್ಲಂದ್ರ ನನ್ನ ಹೆಸರಿಗಿ ಮಾಡ್ರಿ. ನಾ ರಿಜಿಸ್ಟ್ರಿ ಮಾಡಿಸ್ತೇನಿ, ದೊಡ್ಡದು ಮಾಡ್ತೇನಿ. ನೀವು ಒಳಗ ಕೂತು ಎರಡು ರೊಟ್ಟಿ ಉಣ್ರಿ."

"ಅಂಗಡಿ ನಿಮ್ಮಣ್ಣಂದದ."

"ಅಣ್ಣ ಎಲ್ಲಿ?"

ಆ ಮಾತು ಬಾಯಿಂದ ಬಿದ್ದ ಮೇಲೆ ಮಡೆಪ್ಪನೇ ಬೆದರಿ ಎದ್ದು ಹೋದ. ಆ ಮನೆಯಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ಅವಳ ಹಣೆಯ ಕುಂಕುಮ ನೋಡಿದ ಮೇಲೆ ಅಣ್ಣ ಸತ್ತ ಎಂದು ಇವನೊಬ್ಬನೇ ಹ್ಯಾಗೆ ಅಂದಾನು?

ಮೂರನೆಯ ವರ್ಷ ದೀಪಾವಳಿ ಆಗುತ್ತಿದ್ದಂತೆ ಮನ್ಮಥಪ್ಪನಿಗೆ ಪೆಟ್ಟು ಬಿತ್ತು. ಅವನು ಅಲ್ಲಿಯ ತನಕ ಬೇಕಾದವರಿಗೆ ತೆರಿಗೆ ಬಿಟ್ಟು ಮಾರುತ್ತಿದ್ದ. ಇನ್ಸ್‌ಪೆಕ್ಟರು ಬಂದು ಲೆಕ್ಕ ತೆಗೆಸಿ ದಂಡ ಹಾಕಿದ. "ಮನಿಯಾಗ ಮದುವಿ ಅದ, ಸ್ವಲ್ಪ ಕರುಣಾ ಇರ್ಲಿ ಸಾಹೇಬ್ರ" ಎಂದು ಕೈ ಮುಗಿದರೂ ಆತ ಕೇಳಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು ಎಂದು ಪೇಟೆಯವರು ಆಡಿಕೊಂಡರು. ಅಂದಿನಿಂದ ಮನ್ಮಥಪ್ಪ ಬೆಂಕಿಪೆಟ್ಟಿಗೆಗೂ ಬಿಡದೆ ಮೇಲೆ ಹಿಡಿದ. ಅವನ ಅರ್ಧ ಗಿರಾಕಿ ರಸ್ತೆ ದಾಟಿ ಗುರಮ್ಮನ ಮುಂದೆ ನಿಂತಿತು.

ಹೊಸ ವರ್ಷ ಈಗಷ್ಟೇ ಶುರುವಾಗಿದೆ, ಚೀಲದ ಒಟ್ಟು ಇನ್ನೂ ನೆಲದಲ್ಲಿದೆ ಎಂದು ಗುರಮ್ಮ ಯಾರನ್ನೂ ಹೊರಗೆ ಹಾಕಲಿಲ್ಲ. ಚಳಿಗಾಲ ಪೂರ್ತಿ ಮಾರಿದಳು. ಶಿವರಾತ್ರಿ, ಹೋಳಿ ಮುಗಿಯುವ ಹೊತ್ತಿಗೆ ಒಟ್ಟು ಸೊಂಟಕ್ಕೆ ಬಂದಿತ್ತು. ಗೆರೆ ಇನ್ನೂ ಮೇಲಿತ್ತು. ಈ ಸಲ ದಸರೆಗಲ್ಲ, ಶ್ರಾವಣಕ್ಕೇ ಮುಚ್ಚಬೇಕಾದೀತು ಎಂದು ಲೆಕ್ಕ ಹಾಕಿಕೊಂಡಳು.

ಯುಗಾದಿಯಾಗಿ ಕೆಲವು ವಾರಕ್ಕೆ ಕಚೇರಿಯ ಜವಾನ ನೋಟೀಸು ತಂದ. ಗುರಮ್ಮನಿಗೆ ಅದು ತಿಳಿಯದೆ ಮನ್ಮಥಪ್ಪನಿಂದಲೇ ಓದಿಸಬೇಕಾಯಿತು. ಅವನು ಕನ್ನಡಕ ಏರಿಸಿ ಓದಿದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು.

"ಹಾವಗೆಪ್ಪನ ಹೆಸರಿಗಿ ಬಂದದವ್ವಾ. ಬೀದರ ಗಂಜಿನ ಲೆಕ್ಕದ ಪ್ರಕಾರ ಹಾವಗೆಪ್ಪ ಇಷ್ಟಿಷ್ಟು ಮಾಲು ಖರೀದಿ ಮಾಡ್ಯಾನ, ಹದ್ದು ದಾಟ್ಯಾನ, ರಿಜಿಸ್ಟ್ರಿ ಮಾಡಿಸಿಲ್ಲ. ಖುದ್ದು ಬಂದು ಹಾಜರಾಗಬೇಕು ಅಂತದ."

"ಹದ್ದು ದಾಟಿಲ್ಲ. ಚೀಲಾ ಗೆರಿಗಿ ಮುಟ್ಟಿಲ್ಲ" ಎಂದಳು ಗುರಮ್ಮ.

"ಯಾವ ಗೆರಿ?"

ಹೇಳಿದಳು. ಮನ್ಮಥಪ್ಪ ಕನ್ನಡಕ ತೆಗೆದು ಮಡಿಸಿದ. ನಗಬಹುದಿತ್ತು, ನಗಲಿಲ್ಲ.

"ನಿನ್ನ ವರ್ಷ ಪಾಡ್ಯಕ್ಕ ತಿರುಗ್ತದವ್ವಾ. ಸರ್ಕಾರದ ವರ್ಷ ಯುಗಾದಿ ಸುಮಾರಿಗಿ ತಿರುಗ್ತದ. ಮಾರ್ಚಿಗಿ ಮುಗೀತದ. ಹೋದ ಬ್ಯಾಸಗಿಯಿಂದ ದಸರಾತನಕ ಮಾರಿದ್ದು, ಈಗ ಚಳಿಗಾಲದಾಗ ಮಾರಿದ್ದು, ನಿನಗ ಅವು ಎರಡು ವರ್ಷದ್ದು. ಅವರಿಗಿ ಒಂದೇ ವರ್ಷದ್ದು."

ಗುರಮ್ಮ ಹೂಂ ಅಂದಳು. ಮೂರು ವರ್ಷ ದಸರೆಯ ವ್ಯಾಪಾರ ಬಿಟ್ಟು ಉಪವಾಸ ಕೂತದ್ದು ಎಂಥ ಲೆಕ್ಕಕ್ಕೆ ಎಂದು ತಿಳಿಯಿತು. ತಿಳಿದದ್ದು ಒಳಗೆ ಎಲ್ಲಿಯೂ ತಾಗಲಿಲ್ಲ. ಇನ್ನೊಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಹಾವಗೆಪ್ಪ ಮಾಲು ಖರೀದಿ ಮಾಡಿದ್ದಾನೆ, ಹದ್ದು ದಾಟಿದ್ದಾನೆ. ಸರ್ಕಾರದ ಲೆಕ್ಕದಲ್ಲಿ ಅವನು ಸುಖವಾಗಿದ್ದ. ವರ್ಷದಿಂದ ವರ್ಷಕ್ಕೆ ಧಂದೆ ಬೆಳೆಸಿಕೊಂಡಿದ್ದ.

ಸುದ್ದಿ ಕೇಳಿ ಮಡೆಪ್ಪ ಓಡಿಬಂದ. ಬರುವಾಗಲೇ ಒಂದು ಉಪಾಯ ಹೂಡಿಕೊಂಡು ಬಂದಿದ್ದ.

"ಬೀದರದಾಗ ಅಣ್ಣನ ಮಾರಿ ಕಂಡವರು ಯಾರವ್ರ? ಹಾವಗೆಪ್ಪ ಅಂತ ಕರೀತಾರ, ನಾ ಹಾಜರ್ ಅಂತೇನಿ. ಹೆಬ್ಬೆಟ್ಟು ಒತ್ತಿ ಬರ್ತೇನಿ. ದಂಡಾ ಹೊಲದ ಮ್ಯಾಲ ಸಾಲಾ ತೆಗೆದು ಕಟ್ತೇನಿ. ಯಾರೂ ಏನೂ ಕೇಳಂಗಿಲ್ಲ, ನೀವೂ ಏನೂ ಹೇಳಂಗಿಲ್ಲ."

ಅವಳಿಗೆ ಬೇಕಾದದ್ದು ಅದೇ ಅಲ್ಲವೇ, ಏನೂ ಹೇಳದೆ ಇರುವುದು? ಆಯಿತು ಅಂದಳು.

ಜಾಹೇದಾ ಇದನ್ನು ಕೇಳಿ ಕೈಯಲ್ಲಿದ್ದ ಕೌದಿ ಮಡಿಲಲ್ಲಿಟ್ಟಳು.

"ಗುರಮ್ಮಕ್ಕ, ನಾಕಾದಾಗ ಒಂದು ಕಾನೂನಿತ್ತು. ಮಾಲು ಯಾರದ್ದೇ ಇರ್ಲಿ, ಇದು ನಂದು ಅಂತ ಅಡ್ಡಗೋಲಿನ ಮುಂದ ಯಾರು ಬಾಯಿ ಬಿಡ್ತಾರೋ ಅವರದೇ ಮಾಲು. ಅವರೇ ಕೊಡಬೇಕು, ಅವರೇ ತಗೊಂಡು ಹೋಗಬೇಕು. ನಿಮ್ಮ ಮೈದುನ ಅಲ್ಲಿ ಒಮ್ಮೆ ಬಾಯಿ ಬಿಟ್ಟನಂದ್ರ ಅಂಗಡಿ ಅವಂದೇ. ಮತ್ತ..." ಅವಳು ದಾರ ಕಚ್ಚಿ ಹರಿದಳು. "ಮತ್ತ ನಿಮ್ಮವರ ಹೆಸರೂ ಅವಂದೇ. ನಾಳಿ ನಿಮ್ಮವರು ಹೋದ್ರಂತ ಅನ್ಲಾಕೂ ನಿಮಗ ಬರಂಗಿಲ್ಲ. ಕಚೇರಿಯಾಗ ಹಾಜರ್ ಇದ್ದಾರಲ್ಲ."

ಗುರಮ್ಮ ಕೌದಿಯ ಅಂಚನ್ನು ಬೆರಳಿನಿಂದ ನೇವರಿಸಿದಳು.

"ನಾ ನೋಡೀನಿ ಗುರಮ್ಮಕ್ಕ. ಹೊಲದಾಗ ಹೋಗಿ ನಮ್ಮವರಿಗಿ ನೋಡೀನಿ. ನೋಡಿದ್ದು ಸಣ್ಣ ಮಾತಲ್ಲ. ಖರೇ ನೀವು ನೋಡಿಲ್ಲ, ನಿಮ್ಮದು ಅದಕ್ಕಿಂತ ಕಷ್ಟದ."

ಇಷ್ಟು ವರ್ಷಕ್ಕೆ ಅವರಿಬ್ಬರ ನಡುವೆ ಬಂದ ದುಃಖದ ಮಾತು ಅದೊಂದೇ.

ನೋಟೀಸಿನಲ್ಲಿ ಹೇಳಿದ ದಿನ ಗುರಮ್ಮ ತಾನೂ ಬರುತ್ತೇನೆ ಅಂದಳು. ಮಡೆಪ್ಪನಿಗೆ ಬೇಡವಾಗಿತ್ತು, ಆದರೆ ವೈನಿಗೆ ಎದುರು ಹೇಳಲಾರ. ಇಬ್ಬರೂ ಬೆಳಗಿನ ಗಾಡಿ ಹತ್ತಿ ಬೀದರಿನಲ್ಲಿ ಇಳಿದು ಕಚೇರಿಗೆ ಹೋದರು. ಹಳೆಯ ಹವೇಲಿ ಅದು, ವರಾಂಡದಲ್ಲಿ ಬೇರೆ ಬೇರೆ ಊರಿನ ಅಂಗಡಿಕಾರರು ಟೊಪ್ಪಿಗೆ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಹೆಂಗಸೆಂದರೆ ಅವಳೊಬ್ಬಳೇ. ಮಡೆಪ್ಪ ಅಣ್ಣನ ಹಳೆಯ ಕೋಟು ಹಾಕಿಕೊಂಡು ಬಂದಿದ್ದ. ತೋಳು ಗಿಡ್ಡವಾಗಿ ಮುಂಗೈ ಹೊರಗೆ ಇಣುಕುತ್ತಿತ್ತು. "ಹಾಜರ್, ಹಾಜರ್" ಎಂದು ತುಟಿಯೊಳಗೇ ಅಂದು ನೋಡಿಕೊಳ್ಳುತ್ತಿದ್ದ.

ಒಳಗಿನಿಂದ ಜವಾನ ಬಾಗಿಲಿಗೆ ಬಂದು ಗಂಟಲು ತೆರೆದು ಕೂಗಿದ: "ಹಾವಗೆಪ್ಪಾ! ಭಾಲ್ಕಿ! ಹಾವಗೆಪ್ಪಾ!"

ಆ ಹೆಸರನ್ನು ಅಷ್ಟು ದೊಡ್ಡ ದನಿಯಲ್ಲಿ ಯಾರೂ ಕರೆದು ಎಷ್ಟು ಕಾಲವಾಗಿತ್ತು. ಅವಳಂತೂ ಹೆಂಡತಿಯಾದವಳು, ಬಾಯಿಂದ ಹೇಳಿದ್ದೇ ಇಲ್ಲ. ಊರಿನವರು ಅವಳೆದುರಿಗೆ ಆ ಹೆಸರು ಬಂದರೆ ದನಿ ತಗ್ಗಿಸುತ್ತಿದ್ದರು. ಹೆಸರು ವರಾಂಡದ ಕಮಾನುಗಳಿಗೆ ಬಡಿದು ಅಂಗಳಕ್ಕೆ ಹೋಯಿತು. ಗುರಮ್ಮ ತಲೆ ಎತ್ತಿ ಅಂಗಳದ ಕಡೆ ನೋಡಿದಳು. ಬೇವಿನ ಗಿಡದ ಕೆಳಗೆ ಯಾರದ್ದೋ ಕುದುರೆ ನಿಂತಿತ್ತು. ಯಾರೂ ಎದ್ದು ಬರಲಿಲ್ಲ.

ಮಡೆಪ್ಪ ಏಳತೊಡಗಿದ. ಬಾಯಿ ತೆರೆದಿದ್ದ.

ಗುರಮ್ಮ ಅವನ ಕೋಟಿನ ಚುಂಗು ಹಿಡಿದು ಜಗ್ಗಿದಳು. "ಕೂಡು ಮಡೆಪ್ಪಾ."

"ವೈನಿ..."

"ಕೂಡಂದೆ."

ಅವಳು ಎದ್ದು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಮೇಜಿನ ಹಿಂದೆ ಕೂತಿದ್ದವನು ನಿಜಾಮೋದ್ದೀನ ಸಾಹೇಬ, ಚಿದ್ರಿಯ ಕಡೆಯವನು, ಹಳೆಯ ಸರ್ಕಾರದಿಂದ ಹೊಸದಕ್ಕೆ ಉಳಿದುಕೊಂಡು ಬಂದ ನರೆತ ಗುಮಾಸ್ತ. ಕಣ್ಣೆತ್ತದೆ ಕೇಳಿದ.

"ಹಾವಗೆಪ್ಪ ಎಲ್ಲಮ್ಮಾ?"

"ಅವ್ರು ಬರಂಗಿಲ್ಲರಿ."

"ಯಾಕ? ಊರಾಗ ಇಲ್ಲೇನು?"

"ಇಲ್ಲರಿ."

"ಮತ್ತ ಎಲ್ಲಿ ಹೋಗ್ಯಾರ? ಯಾವಾಗ ಬರ್ತಾರ? ತಾರೀಖು ಮುಂದ ಹಾಕ್ಲಿ ಏನು?"

ಅವಳು ಮೇಜಿನ ಅಂಚನ್ನು ನೋಡುತ್ತಿದ್ದಳು. ಅಲ್ಲೊಂದು ಮಸಿಯ ಕಲೆ ಇತ್ತು.

"ತಾರೀಖು ಬ್ಯಾಡರಿ" ಎಂದಳು. "ತೀರಿಕೊಂಡಾರ."

ನಿಜಾಮೋದ್ದೀನ ಸಾಹೇಬ ಈಗ ಕಣ್ಣೆತ್ತಿದ. ಅವಳ ಹಣೆ ನೋಡಿದ, ಕೈಯ ಬಳೆ ನೋಡಿದ.

"ಈಗೇನು?"

"ಇಲ್ಲರಿ. ಪೋಲೀಸ್ ಆಕ್ಷನ್ ಆಯ್ತಲ್ಲರಿ, ಆವಾಗ. ಔರಾದ ಹಾದಿಯಾಗ."

ಅವನು ಟಾಕು ಮಸಿಯಲ್ಲಿ ಅದ್ದಿ ಒಂದು ಸಾಲು ಬರೆದ. ಆ ಸಾಲನ್ನು ಮೊದಲೂ ಬೇಕಾದಷ್ಟು ಸಲ ಬರೆದಿರಬೇಕು, ಕೈ ತಡೆಯಲಿಲ್ಲ.

"ಅಂಗಡಿ ನಡಿಸ್ಲತ್ತಿದ್ದವರು ಯಾರು?"

ಬಾಗಿಲಲ್ಲಿ ನಿಂತಿದ್ದ ಮಡೆಪ್ಪ ಒಳಗೆ ಬಂದ. "ನಾನು ಅವರ ತಮ್ಮರಿ. ನನ್ನ ಹೆಸರಿಗಿ..."

"ನಿನಗ ಕೇಳಿಲ್ಲಪ್ಪ. ತಕ್ಕಡಿ ಹಿಡಿಯೋರು ಯಾರು?"

"ನಾನೇರಿ" ಎಂದಳು ಗುರಮ್ಮ.

"ಹೆಣ್ಮಗಳ ಹೆಸರಿಗಿ ಹ್ಯಾಂಗ ಸಾಹೇಬ್ರ..." ಎಂದ ಮಡೆಪ್ಪ.

"ಈ ಕಾಗದದಾಗ ಹೆಣ್ಣೋ ಗಂಡೋ ಅಂತ ಖಾನೆ ಇಲ್ಲ. ಮಾರೋರು ಯಾರು, ಏನು ಮಾರ್ತಾರ, ಎಲ್ಲಿ ಮಾರ್ತಾರ. ಹೇಳಮ್ಮಾ, ಏನೇನು ಮಾಲು?"

"ಬೆಲ್ಲ. ಎಣ್ಣಿ. ಚಹಾಪುಡಿ. ಸಬಕಾರ. ದಾರಾ, ಸೂಜಿ."

ಅವನು ಬರೆದ. ಹೋದ ವರ್ಷದ ತೆರಿಗೆ ಅವಳೇ ಕಟ್ಟಬೇಕು, ದಂಡ ಕಡಿಮೆ ಮಾಡಲು ಮೇಲಿನವರಿಗೆ ಬರೆಯುತ್ತೇನೆ, ಕಂತಿನಲ್ಲಿ ಕೊಡು ಎಂದ. ಇನ್ನು ಮುಂದೆ ಗಿರಾಕಿಯಿಂದ ಮೇಲೆ ಹಿಡಿಯಬೇಕು ಎಂದ. ಅವಳು ಎಲ್ಲದಕ್ಕೂ ಹೂಂ ಅಂದು ಹೆಬ್ಬೆಟ್ಟು ಒತ್ತಿದಳು. ಏನೋ ಆಗುತ್ತದೆ ಅಂದುಕೊಂಡಿದ್ದಳು, ಆ ಮಾತು ಬಾಯಿಂದ ಬಿದ್ದರೆ ನೆಲ ಬಿರಿಯುತ್ತದೆ ಎಂದೋ ಏನೋ. ಏನೂ ಆಗಲಿಲ್ಲ. ಜವಾನ ಮುಂದಿನವನ ಹೆಸರು ಕೂಗಿದ.

ಸ್ಟೇಷನ್ನಿನ ತನಕ ಮಡೆಪ್ಪ ಮುಂದೆ ಮುಂದೆ ನಡೆದ. ಸಿಟ್ಟಾಗಿದ್ದಾನೆ, ಅಂಗಡಿ ತಪ್ಪಿತಲ್ಲ ಎಂದು ಗುರಮ್ಮ ಹಿಂದೆ ಹಿಂದೆ ಬಂದಳು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅವನ ಭುಜ ಅಲುಗಾಡುತ್ತಿದ್ದದ್ದು ಕಂಡಿತು. ರುಮಾಲು ಬಿಚ್ಚಿ ಬಾಯಿಗೆ ಒತ್ತಿಕೊಂಡಿದ್ದ. ಒತ್ತಿದರೂ ತಡೆಯಲಿಲ್ಲ. ಗಂಡುಮಗ, ನಾಲ್ಕು ಮಂದಿಯ ಎದುರಿಗೆ, ದನಿ ತೆಗೆದು ಅತ್ತ.

"ಅಣ್ಣಾ... ನಮ್ಮಣ್ಣ ಹೋದ ವೈನಿ... ನಮ್ಮಣ್ಣ ಹೋದ..."

ಅದು ಇವತ್ತು ಬಂದ ಸುದ್ದಿಯ ಹಾಗಿತ್ತು. ಹೌದಲ್ಲ, ಇವನಿಗೆ ಇವತ್ತೇ ಬಂದದ್ದು. ಅಲ್ಲಿಯ ತನಕ ಅವಳು ಹೇಳಿರಲಿಲ್ಲ, ಅವಳು ಹೇಳದೆ ಇವನು ಅಳುವ ಹಾಗಿರಲಿಲ್ಲ. ಗುರಮ್ಮ ಅವನ ಪಕ್ಕ ಕೂತಳು. ಅಳು ತನಗೂ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಎದ್ದು ಹೋಗಿ ಒಂದು ಕಪ್ಪು ಚಹಾ ತಂದು ಅವನ ಕೈಗೆ ಕೊಟ್ಟಳು. ಗಾಡಿ ಬರುವ ತನಕ ಅವನು ಬಿಕ್ಕುತ್ತ ಕುಡಿದ. ಅವಳು ಅವನ ರುಮಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು.

ಮಾಡಬೇಕಾದ ವಿಧಿಗಳನ್ನೆಲ್ಲ ಆ ವಾರ ಮಡೆಪ್ಪನೇ ನಿಂತು ಮಾಡಿಸಿದ. ಜಂಗಮರು ಬಂದು ಹೋದರು. ಔರಾದಿನಿಂದ ಅಣ್ಣ ಬಂದು ಹೋದ. ಬಳೆ ಹೋದವು. ಆಮೇಲೆ ಒಂದು ಬೆಳಿಗ್ಗೆ ಗುರಮ್ಮ ಹಲಗೆ ತೆಗೆದು, ಗಾದಿಯನ್ನು ಝಾಡಿಸಿ, ಅದರ ಮೇಲೆ ಕೂತಳು. ಮೊದಲ ಗಿರಾಕಿಯಾಗಿ ಕಮಠಾಣದ ಕಡೆಯ ಕುರಿಯವನೊಬ್ಬ ಬೆಲ್ಲಕ್ಕೆ ಬಂದ. ತೂಗಿ, ದರ ಹೇಳಿ, ಮೇಲೆ ಇಷ್ಟು ಎಂದಳು.

"ಇದೇನು ತಾಯಿ, ಬೋಣಿ ಹೊತ್ತಿನಾಗ ಮ್ಯಾಲ ಕೇಳ್ಲತ್ತೀರಿ? ಬೋಣಿಗಿ ಯಾರರ ಮ್ಯಾಲ ಕೇಳ್ತಾರೇನು?"

"ಸರ್ಕಾರದ್ದರಿ ಅದು, ನಂದಲ್ಲ."

"ಹೋದ ಸಂತಿಗಿ ಇರಲಿಲ್ಲ?"

"ಹೋದ ಸಂತಿಗಿ ಅಂಗಡಿ ಅವರ ಹೆಸರಿಗಿತ್ತು."

ಕುರಿಯವನು ಎದುರಿನ ಮನ್ಮಥಪ್ಪನ ಅಂಗಡಿಯನ್ನು ಒಮ್ಮೆ ನೋಡಿದ. ಎರಡೂ ಕಡೆ ಒಂದೇ ದರ ಎಂದು ತಿಳಿದು, ಅಲ್ಲಿ ತನಕ ಯಾಕೆ ನಡೆಯುವುದು ಎಂದು ಗೊಣಗುತ್ತ ಕಿಸೆಗೆ ಕೈ ಹಾಕಿದ. ಗುರಮ್ಮ ಬೆಲ್ಲವನ್ನು ಅವನ ಕಂಬಳಿಯ ಚುಂಗಿಗೆ ಹಾಕಿದಳು. ಕೊಟ್ಟದ್ದರಲ್ಲಿ ಪೈಗಳನ್ನು ಬೇರೆ ಡಬ್ಬಿಗೆ ಹಾಕಿ, ಮುಂದಿನವನಿಗೆ ಏನು ಬೇಕೆಂದು ಕೇಳಿದಳು.